ಕೂತವರಿಗಿಲ್ಲದ ಹೀಲ್ಸು ನಿಂತವರಿಗೆ ಯಾಕೆ?

ಹೋದ ವರ್ಷ ರೋಹಿಣಿ ಮಳೆ ಬಿದ್ದ ಮರುದಿನ ನನ್ನ ಅಕ್ಕನ ಮಗಳು ಕುಂಟುತ್ತಾ ಮನೆಗೆ ಬಂದಳು. ರಾತ್ರಿ ಹನ್ನೊಂದೂವರೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ನೆರಿಗೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಲಾನಿನಲ್ಲಿ ರಿಸೆಪ್ಷನ್ ಇತ್ತು, ಇವಳು ಅಲ್ಲಿ ‘ವೆಲ್‌ಕಮ್ ಗರ್ಲ್’. ಬಾಗಿಲಲ್ಲಿ ಒಂದೇ ಬಣ್ಣದ ಸೀರೆ ಉಟ್ಟ ಆರು ಹುಡುಗಿಯರು ಎರಡು ಸಾಲಾಗಿ ನಿಂತು, ಬಂದವರಿಗೆಲ್ಲ ಪನ್ನೀರು ಚಿಮುಕಿಸಿ ಗುಲಾಬಿ ಕೊಡ್ತಾರಲ್ಲ, ಅವರಲ್ಲಿ ಒಬ್ಬಳು. ಬಿ.ಕಾಂ ಎರಡನೇ ವರ್ಷ. ಸೀಸನ್ನಿನಲ್ಲಿ ವಾರಕ್ಕೆ ಎರಡು ಮೂರು ಕಾರ್ಯಕ್ರಮ ಸಿಗುತ್ತವೆ, ಒಂದಕ್ಕೆ 800 ರೂಪಾಯಿ.

ನಮ್ಮ ಕಡೆಯ ಎರೆ ಮಣ್ಣು ಗೊತ್ತಲ್ಲ, ಒಂದು ಹದ ಮಳೆ ಬಿದ್ದರೆ ಎತ್ತಿನ ಕಾಲೂ ಹುಗಿಯುತ್ತೆ. ಆ ಮಣ್ಣಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕೆಂಪು ಕಾರ್ಪೆಟ್ಟು, ಕಾರ್ಪೆಟ್ಟಿನ ಮೇಲೆ ಮೂರು ಇಂಚಿನ ಪೆನ್ಸಿಲ್ ಹೀಲ್. ಯಾರೋ ದೊಡ್ಡವರು ಬಂದರು ಅಂತ ಇವಳು ಎರಡು ಹೆಜ್ಜೆ ಮುಂದೆ ಹೋದಳು, ಹೀಲು ಹಿಂದೆ ಉಳಿಯಿತು. ಕೈಯಲ್ಲಿದ್ದ ಗುಲಾಬಿ ತಟ್ಟೆ ಸಮೇತ ಬಿದ್ದಳು. ಹಿಮ್ಮಡಿಯ ಮೇಲಿನ ಗಂಟು ಉಳುಕಿ ಬದನೆಕಾಯಿ ಹಾಗೆ ಊದಿತು. ತಟ್ಟೆ ನೆಗ್ಗಿದ್ದಕ್ಕೆ 200 ರೂಪಾಯಿ ಮುರಕೊಂಡು 600 ಕೊಟ್ಟು ಕಳಿಸಿದ್ದಾರೆ.

“ಫ್ಲ್ಯಾಟ್ ಚಪ್ಪಲ್ ಹಾಕ್ಕೊಂಡ್ ಹೋಗಬಾರದೇನವಾ?” ಅಂತ ಕೇಳಿದೆ. “ನಡಿಯೂದಿಲ್ಲ ಚಿಗವ್ವ, ಗ್ರೂಪ್‌ನ್ಯಾಗ ಹಾಕ್ಯಾರ” ಅಂದಳು. ಮೊಬೈಲ್ ತೆಗೆದು ತೋರಿಸಿದಳು.

ಆ ಮೆಸೇಜು ನೋಡಿದ ಮೇಲೆ ನನಗೆ ಈ ವಿಷಯ ತಲೆಯಿಂದ ಹೋಗಲಿಲ್ಲ. ಹುಡುಗರಿಗೆ ಒಂದೇ ಸಾಲು: ಕರಿ ಪ್ಯಾಂಟು, ಬಿಳಿ ಶರ್ಟು, ಶೂ. ಹುಡುಗಿಯರಿಗೆ ಏಳು ಸಾಲು. ಸೀರೆ ನಾವು ಕೊಡ್ತೇವೆ, ಬ್ಲೌಸ್ ನಿಮ್ಮದು, ಮ್ಯಾಚಿಂಗ್ ಇರಬೇಕು. ಕೂದಲು ಬಿಟ್ಟಿರಬೇಕು. ಲಿಪ್‌ಸ್ಟಿಕ್ ಮರೂನ್. ಹೀಲ್ಸು ಕನಿಷ್ಠ ಮೂರು ಇಂಚು. ಕನ್ನಡಕ ಬೇಡ. ಈ ಹುಡುಗಿಗೆ ಮೈನಸ್ ಎರಡೂವರೆ ಇದೆ! ಕಾರ್ಪೆಟ್ಟಿನ ಅಂಚು ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಶುರುವಾಯಿತು ಅಂತ ಅವಳಿಗೆ ಕಂಡೇ ಇರಲಿಲ್ಲ. ಮತ್ತೆ ಆ ಹುಡುಗರು ಬೂಟು ಹಾಕಿಕೊಂಡು ಅದೇ ಮಣ್ಣಿನ ಮೇಲೆ ರಾತ್ರಿ ಇಡೀ ಓಡಾಡಿದ್ದಾರೆ, ಒಬ್ಬರೂ ಬಿದ್ದಿಲ್ಲ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಹೀಲ್ಸಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ, ಐದಡಿ ಇಲ್ಲ, ಹೀಲ್ಸ್ ಇಲ್ಲದೆ ಗೇಟು ದಾಟೋದಿಲ್ಲ. “ಅಕ್ಕಾರ, ಇದನ್ನ ಹಾಕ್ಕೊಂಡ್ರ ಸಾಹೇಬರ ಕಣ್ಣಿಗೆ ಕಣ್ಣ್ ಕೊಟ್ಟ್ ಮಾತಾಡಬಹುದು ನೋಡ್ರಿ” ಅಂತಾರೆ. ಸರಿ, ಅದು ಅವರ ಕಾಲು, ಅವರ ಖುಷಿ. ಬೇಸರವಾದ ದಿನ ಅವರು ಬಿಚ್ಚಿ ಟೇಬಲ್ ಕೆಳಗೆ ಸರಿಸಿ ಕೂರಬಹುದು. ನನ್ನ ತಕರಾರು ಇರೋದು ಬಿಚ್ಚಲಾಗದವರ ಬಗ್ಗೆ.

ಸೀರೆ ಉಡುವವರಿಗೆ ಈ ಬಿಚ್ಚಲಾಗದ ಕಷ್ಟ ಗೊತ್ತು. ಹೀಲ್ಸ್ ಹಾಕಬೇಕು ಅಂತಿದ್ದರೆ ಅದನ್ನು ಹಾಕಿಕೊಂಡೇ ಸೀರೆ ಉಡಬೇಕು, ನೆರಿಗೆಯ ಎತ್ತರ ಅದಕ್ಕೆ ತಕ್ಕ ಹಾಗೆ ಕೂರಿಸಿ ಪಿನ್ ಹಾಕಬೇಕು. ಆಮೇಲೆ ನಡುವೆ ಕಾಲು ನೊಂದಿತು ಅಂತ ಚಪ್ಪಲಿ ಬಿಟ್ಟರೆ ಸೀರೆ ಮೂರು ಇಂಚು ಕೆಳಗೆ ಬಂದು ನೆಲ ಗುಡಿಸುತ್ತೆ, ಕಾಲಿಗೆ ಸಿಕ್ಕು ಎಡವುತ್ತೆ. ಅಂದರೆ ಸಂಜೆ ಐದಕ್ಕೆ ಉಟ್ಟ ಮೇಲೆ ರಾತ್ರಿ ಹನ್ನೊಂದರ ತನಕ ಅದರಲ್ಲೇ. ಹೊಲಕ್ಕೆ ಹೋಗುತ್ತಿದ್ದ ನಮ್ಮ ಅಜ್ಜಿಯಂದಿರು ಇಳಕಲ್ ಸೀರೆಗೆ ಕಚ್ಚೆ ಹಾಕಿ ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಉಡುತ್ತಿದ್ದರು, ಅದನ್ನುಟ್ಟು ಓಡಬಹುದಿತ್ತು, ಗಿಡ ಹತ್ತಬಹುದಿತ್ತು. ಸೀರೆ ಕಷ್ಟದ ಉಡುಪು ಅನ್ನೋದು ಪೂರ್ತಿ ನಿಜ ಅಲ್ಲ, ನಾವು ಅದನ್ನು ನೆಲಕ್ಕೆ ಇಳಿಸಿ ಕಷ್ಟ ಮಾಡಿಕೊಂಡಿದ್ದೇವೆ.

ಕಾಲಿಗೆ ಏನಾಗುತ್ತೆ ಅನ್ನೋದು ಬಹಳ ಗುಟ್ಟಿನ ವಿಷಯ ಅಲ್ಲ. ಚಪ್ಪಟೆ ನೆಲದಲ್ಲಿ ನಿಂತಾಗ ಮೈಭಾರ ಹಿಮ್ಮಡಿಗೂ ಮುಂಗಾಲಿಗೂ ಹಂಚಿಹೋಗುತ್ತೆ. ಹಿಮ್ಮಡಿ ಎತ್ತಿದಷ್ಟೂ ಭಾರ ಮುಂದಕ್ಕೆ ಜಾರಿ ಬೆರಳಿನ ಬುಡಕ್ಕೆ ಬೀಳುತ್ತೆ. ಮುಂದೆ ಚೂಪಾದ ಚಪ್ಪಲಿಯಾದರೆ ಬೆರಳುಗಳು ಒತ್ತಿಕೊಂಡು ಹೆಬ್ಬೆರಳು ಒಳಕ್ಕೆ ವಾಲುತ್ತೆ. ಬೀಳಬಾರದು ಅಂತ ಮೊಳಕಾಲು, ಸೊಂಟ ಎರಡೂ ಬಿಗಿ ಹಿಡಿಯಬೇಕು. ದಿನಾ ವರ್ಷಗಟ್ಟಲೆ ಹೀಲ್ಸ್ ಹಾಕಿದ ಹೆಂಗಸರ ಮೀನಖಂಡ ಪರೀಕ್ಷಿಸಿದ ಒಂದು ಸಂಶೋಧನೆ 2010ರಲ್ಲಿ ಬಂತು. ಅವರ ಮೀನಖಂಡದ ಸ್ನಾಯುವಿನ ಎಳೆಗಳು ಗಿಡ್ಡಾಗಿದ್ದವು, ಹಿಮ್ಮಡಿಯ ಹಿಂದಿನ ನರ ಅಂತೀವಲ್ಲ, ಆ ದಪ್ಪ ಸ್ನಾಯುರಜ್ಜು ಪೆಡಸಾಗಿತ್ತು. ಅದಕ್ಕೇ ತುಂಬಾ ವರ್ಷ ಹಾಕಿದವರಿಗೆ ಒಮ್ಮೆಲೇ ಬರಿಗಾಲಲ್ಲಿ ನಡೆದರೆ ನೋವು ಬರುತ್ತೆ. ಇಷ್ಟೆಲ್ಲ ಆಗೋದು ನಡೆದಾಡುವವರಿಗೆ. ಒಂದೇ ಕಡೆ ಆರು ತಾಸು ನಿಂತವರ ಕಾಲಿನ ರಕ್ತ ಮೇಲಕ್ಕೆ ಹತ್ತೋದೂ ನಿಧಾನವಾಗುತ್ತೆ, ಕಾಲು ಊದುತ್ತೆ. ಊದಿದ ಕಾಲಿಗೆ ಬಿಗಿ ಚಪ್ಪಲಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕೆಂದರೆ ಈ ಕಥೆಯಲ್ಲಿ ಒಂದು ತಮಾಷೆಯ ತಿರುವಿದೆ. ಹೀಲ್ಸು ಮೊದಲು ಹಾಕಿದ್ದು ಗಂಡಸರು. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಗಟ್ಟಿಯಾಗಿ ಕೂರಲಿ, ನಿಂತು ಬಾಣ ಬಿಡುವಾಗ ಜಾರದಿರಲಿ ಅಂತ ಹಿಮ್ಮಡಿ ಇರುವ ಬೂಟು ಹಾಕುತ್ತಿದ್ದರು. ಕೆಲಸಕ್ಕೆ ಬರುವ ಸಾಮಾನು ಅದು. ಅಲ್ಲಿಂದ ಯುರೋಪಿಗೆ ಹೋಗಿ ಶ್ರೀಮಂತರ ಷೋಕಿಯಾಯಿತು. ಫ್ರಾನ್ಸಿನ ದೊರೆ 14ನೇ ಲೂಯಿ ಕೆಂಪು ಹಿಮ್ಮಡಿಯ ಜೋಡು ಹಾಕುತ್ತಿದ್ದ, ಅವನ ಆಸ್ಥಾನದಲ್ಲಿ ಕೆಂಪು ಹಿಮ್ಮಡಿ ಅಂದರೆ ದೊರೆಯ ಹತ್ತಿರದವರು ಅಂತ ಅರ್ಥ. ಎತ್ತರದ ಜೋಡು ಹಾಕಿ ಹೊಲ ಉಳೋಕಾಗಲ್ಲ, ಮೂಟೆ ಹೊರೋಕಾಗಲ್ಲ. ‘ನಾನು ದುಡಿಯಬೇಕಾಗಿಲ್ಲ’ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆಯ ಚಪ್ಪಲಿ ಬೇರೆ ಯಾವುದಿದೆ? 18ನೇ ಶತಮಾನದಲ್ಲಿ ಗಂಡಸರು ಅದನ್ನು ಬಿಟ್ಟರು, ಹೆಂಗಸರಿಗೆ ಉಳಿಯಿತು.

ತಿರುವು ಏನು ಅಂದರೆ, ಆಗ ದುಡಿಯದವರು ಹಾಕುತ್ತಿದ್ದದ್ದನ್ನು ಈಗ ನಿಂತು ದುಡಿಯುವವರಿಗೆ ಹಾಕಿಸುತ್ತಿದ್ದಾರೆ. ರಿಸೆಪ್ಷನಿಸ್ಟು, ಶೋರೂಮಿನ ಹುಡುಗಿ, ವೇದಿಕೆ ಮೇಲೆ ಶಾಲು ಹಾರದ ತಟ್ಟೆ ಹಿಡಿದು ನಿಂತವಳು, ಆ್ಯಂಕರ್. ನಮ್ಮೂರ ಯಾವ ಕಾರ್ಯಕ್ರಮಕ್ಕಾದರೂ ಹೋಗಿ ನೋಡಿ. ವೇದಿಕೆ ಮೇಲೆ ಕುರ್ಚಿಯಲ್ಲಿ ಕೂತವರ ಕಾಲು ನೋಡಿ, ಆಮೇಲೆ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತವರ ಕಾಲು ನೋಡಿ. ಮುಖ್ಯ ಅತಿಥಿ ಮೇಡಂ ಆರಾಮಾಗಿ ಚಪ್ಪಟೆ ಚಪ್ಪಲಿಯಲ್ಲಿ ಬಂದಿರ್ತಾರೆ. ಯಾರೂ ಕೇಳೋದಿಲ್ಲ, ಕೇಳಲೂ ಬಾರದು. ನಿಯಮ ಇರೋದು ನಿಂತವರಿಗೆ ಮಾತ್ರ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2015ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಅನ್ನುವ ಹುಡುಗಿ ಪಿಡಬ್ಲ್ಯೂಸಿ ಎಂಬ ದೊಡ್ಡ ಲೆಕ್ಕಪತ್ರ ಕಂಪನಿಯ ಕಚೇರಿಗೆ ರಿಸೆಪ್ಷನಿಸ್ಟಾಗಿ ಹೋದಳು, ಮೊದಲ ದಿನ. ಕಾಲಲ್ಲಿ ಚಪ್ಪಟೆ ಶೂ. ಎರಡರಿಂದ ನಾಲ್ಕು ಇಂಚಿನ ಹೀಲ್ಸ್ ಹಾಕಿಕೊಂಡು ಬಾ ಅಂದರು. ಗಂಡಸರಿಗೂ ಹೀಗೇ ಹೇಳ್ತೀರಾ ಅಂತ ಕೇಳಿದ್ದಕ್ಕೆ ನಕ್ಕರಂತೆ. ಒಲ್ಲೆ ಅಂದಳು, ಸಂಬಳ ಕೊಡದೆ ಮನೆಗೆ ಕಳಿಸಿದರು. ವಿಷಯ ಹೊರಗೆ ಬಂದಾಗ ಪಿಡಬ್ಲ್ಯೂಸಿ ಏನು ಹೇಳಿತು ಗೊತ್ತಾ? ಇದು ನಮ್ಮ ನಿಯಮ ಅಲ್ಲ, ಆಳು ಕಳಿಸುವ ಏಜೆನ್ಸಿಯ ನಿಯಮ ಅಂತು. ಏಜೆನ್ಸಿ ಆ ನಿಯಮವನ್ನು ಬೇಗನೇ ಬದಲಿಸಿಯೂಬಿಟ್ಟಿತು. ಅಷ್ಟು ಸುಲಭದಲ್ಲಿ ಬಿಡಬಹುದಾಗಿದ್ದ ನಿಯಮಕ್ಕೆ ಒಬ್ಬ ಹುಡುಗಿಯ ಒಂದು ದಿನದ ಪಗಾರ ಹೋಗಿತ್ತು.

ಅವಳು ಸುಮ್ಮನೆ ಕೂರಲಿಲ್ಲ, ಸಂಸತ್ತಿಗೆ ಅರ್ಜಿ ಹಾಕಿದಳು. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸಹಿ ಮಾಡಿದರು. 2017ರ ಜನವರಿಯಲ್ಲಿ ಸಂಸದರ ಸಮಿತಿಗಳು ವರದಿ ಕೊಟ್ಟವು, ಮಾರ್ಚಿನಲ್ಲಿ ಚರ್ಚೆಯೂ ಆಯಿತು. ಕೊನೆಗೆ ಸರ್ಕಾರ, ಹೊಸ ಕಾನೂನು ಬೇಡ, 2010ರ ಸಮಾನತೆ ಕಾಯ್ದೆಯೇ ಸಾಕು ಅಂತು. 2018ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ ಕೈ ತೊಳಕೊಂಡಿತು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಆ ಸಾಕು ಅಂದ ಕಾಯ್ದೆ ಥಾರ್ಪ್‌ಳನ್ನು ಮನೆಗೆ ಕಳಿಸಿದ ದಿನವೂ ಜಾರಿಯಲ್ಲೇ ಇತ್ತು.

ಕಾನ್ ಚಿತ್ರೋತ್ಸವದ್ದೂ ಇದೇ ರಾಗ. 2015ರಲ್ಲಿ ಚಪ್ಪಟೆ ಶೂ ಹಾಕಿಕೊಂಡು ಬಂದ ಕೆಲವು ಹೆಂಗಸರನ್ನು ರೆಡ್ ಕಾರ್ಪೆಟ್ಟಿನಿಂದ ವಾಪಸ್ ಕಳಿಸಿದರು ಅಂತ ಗದ್ದಲವಾಯಿತು. ಹೀಲ್ಸಿನ ಎತ್ತರದ ಬಗ್ಗೆ ನಮ್ಮಲ್ಲಿ ನಿಯಮವೇ ಇಲ್ಲ ಅಂತ ಉತ್ಸವದವರು ಹೇಳಿದರು. ಮರುವರ್ಷ ಜೂಲಿಯಾ ರಾಬರ್ಟ್ಸ್ ಅದೇ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದರು. 2018ರಲ್ಲಿ ಕ್ರಿಸ್ಟನ್ ಸ್ಟುವರ್ಟ್ ಹೀಲ್ಸ್ ಬಿಚ್ಚಿ ಕೈಯಲ್ಲಿ ಹಿಡಿದು ನಡೆದರು. ಫೋಟೋಗ್ರಾಫರುಗಳು ಚಕಚಕ ಅಂತ ಹೊಡೆದರು, ಸೆಕ್ಯುರಿಟಿಯವರು ಸುಮ್ಮನಿದ್ದರು. ಎಲ್ಲಿ ಯಾರಿಗೆ ನಿಯಮ, ಯಾರಿಗಿಲ್ಲ ಅಂತ ಇದಕ್ಕಿಂತ ಚೆನ್ನಾಗಿ ಯಾರು ತೋರಿಸ್ತಾರೆ? ಸ್ಟಾರ್ ಬರಿಗಾಲಲ್ಲಿ ಬಂದರೆ ಸುದ್ದಿ. ಹೆಸರಿಲ್ಲದವಳು ಬಂದರೆ ಶಿಸ್ತು ಇಲ್ಲ.

ಜಪಾನಿನಲ್ಲಿ 2019ರಲ್ಲಿ ಯೂಮಿ ಇಶಿಕಾವಾ ಅನ್ನುವವರು ಇದರ ವಿರುದ್ಧ ‘ಕುಟೂ’ ಅಂತ ಚಳವಳಿ ಶುರು ಮಾಡಿದರು. ಜಪಾನಿ ಭಾಷೆಯಲ್ಲಿ ಕುತ್ಸು ಅಂದರೆ ಶೂ, ಕುತ್ಸೂ ಅಂದರೆ ನೋವು, ಅದರ ಮೇಲೆ ಮೀಟೂ ನೆರಳು. ಒಳ್ಳೇ ಹೆಸರು. ಅಲ್ಲಿನ ಕಾರ್ಮಿಕ ಮಂತ್ರಿ ಮಾತ್ರ, ಕೆಲಸಕ್ಕೆ ‘ಅಗತ್ಯ ಮತ್ತು ಸೂಕ್ತ’ ಆದ ಮಟ್ಟಿಗೆ ಇದು ಸಮಾಜ ಒಪ್ಪಿದ್ದೇ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಮರುವರ್ಷ ಜಪಾನ್ ಏರ್‌ಲೈನ್ಸ್ ತಾನಾಗಿಯೇ ಗಗನಸಖಿಯರಿಗೆ ಹೀಲ್ಸ್ ಕಡ್ಡಾಯ ಅನ್ನೋದನ್ನು ಕೈಬಿಟ್ಟಿತು. ಅದೇ 2019ರ ಕೊನೆಗೆ ಅಲ್ಲಿ ಇನ್ನೊಂದು ಜಗಳ ಎದ್ದಿತ್ತು: ಕೆಲವು ಕಡೆ ಹೆಂಗಸರು ಕೆಲಸದ ಹೊತ್ತಿನಲ್ಲಿ ಕನ್ನಡಕ ಹಾಕಬಾರದು ಅಂತ ಹೇಳುತ್ತಿದ್ದರು. ನಮ್ಮ ಹುಡುಗಿಯ ವಾಟ್ಸಾಪ್ ಗ್ರೂಪಿನ ಏಳನೇ ಸಾಲು ಟೋಕಿಯೋ ತನಕ ಹೋಗಿತ್ತೋ ಅಥವಾ ಅಲ್ಲಿಂದ ಇಲ್ಲಿಗೆ ಬಂತೋ.

ಕಾನೂನು ಮಾಡಿದವರೂ ಇದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2017ರ ಏಪ್ರಿಲಿನಲ್ಲಿ ಮಾಲೀಕರು ಹೀಲ್ಸ್ ಕಡ್ಡಾಯ ಮಾಡುವ ಹಾಗಿಲ್ಲ ಅಂತು. ಅದೇ ವರ್ಷದ ಕೊನೆಗೆ ಒಂಟಾರಿಯೊ ಕೂಡ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫಿಲಿಪ್ಪೀನ್ಸಿನದು. ಅಲ್ಲಿನ ಕಾರ್ಮಿಕ ಇಲಾಖೆ 2017ರಲ್ಲಿ ಹೊರಡಿಸಿದ ಆದೇಶ ಬರೀ ಹೀಲ್ಸಿನ ಬಗ್ಗೆ ಅಲ್ಲ, ನಿಂತು ಕೆಲಸ ಮಾಡುವವರ ಬಗ್ಗೆ. ನಡುನಡುವೆ ಕೂರೋಕೆ ಬಿಡುವು ಕೊಡಿ, ಕುರ್ಚಿ ಇಡಿ, ಒಂದು ಇಂಚಿಗಿಂತ ಎತ್ತರದ ಹೀಲ್ಸ್ ಹಾಕಿಸಬೇಡಿ. ಅವರು ರೋಗವನ್ನು ಸರಿಯಾಗಿ ಹಿಡಿದರು ಅನ್ನಿಸುತ್ತೆ. ಚಪ್ಪಲಿ ಅರ್ಧ ಕಷ್ಟ, ನಿಲ್ಲಿಸೋದು ಇನ್ನರ್ಧ.

ನಮ್ಮ ದೇಶದಲ್ಲಿ ಈ ಇನ್ನರ್ಧದ ಬಗ್ಗೆ ಜಗಳ ಮಾಡಿ ಗೆದ್ದವರು ಕೇರಳದ ಸೀರೆ ಅಂಗಡಿಗಳ ಸೇಲ್ಸ್ ಹೆಂಗಸರು. ಗಿರಾಕಿ ಇಲ್ಲದ ಹೊತ್ತಲ್ಲೂ ಕೂರೋ ಹಾಗಿಲ್ಲ ಅನ್ನುವ ಪದ್ಧತಿಯ ವಿರುದ್ಧ ಕೋಝಿಕೋಡಿನಲ್ಲಿ ಹೋರಾಟ ಶುರುವಾಗಿ, 2018ರಲ್ಲಿ ಕೇರಳ ಕಾನೂನಿಗೆ ತಿದ್ದುಪಡಿ ತಂದು ಅಂಗಡಿಯಲ್ಲಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ‘ಕೂರುವ ಹಕ್ಕು’ ಅಂತ ಕೇಳಿದರೆ ನಗು ಬರುತ್ತಲ್ಲ? ಒಂದು ದಿನ ನಿಂತು ನೋಡಿ, ಆಮೇಲೆ ನಗಬಹುದು. ಹೀಲ್ಸಿನ ಬಗ್ಗೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಇದ್ದರೂ ನಮ್ಮ ಹುಡುಗಿಯಂಥವರನ್ನು ಅದು ಮುಟ್ಟುತ್ತಿತ್ತಾ ಅನ್ನೋದು ನನ್ನ ಅನುಮಾನ, ಯಾಕೆಂದರೆ ಅವಳಿಗೆ ನೇಮಕಾತಿ ಪತ್ರ ಇಲ್ಲ, ಮಾಲೀಕ ಯಾರು ಅಂತಲೇ ಗೊತ್ತಿಲ್ಲ.

ಈ ಕೊನೆ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮರುದಿನ ಸುಮ್ನೆ ಕೂರಲಾಗದೆ ಇದನ್ನು ಕೆದಕಿದೆ. ಗ್ರೂಪಿನಲ್ಲಿ ಮೆಸೇಜು ಹಾಕಿದ ಕೋಆರ್ಡಿನೇಟರ್ ಹುಡುಗನಿಗೆ ಫೋನ್ ಮಾಡಿದೆ. “ನಂದೇನ್ ಇಲ್ರೀ ಮೇಡಂ, ಇವೆಂಟ್‌ನವರು ಕಳಿಸ್ಯಾರ, ಫಾರ್ವರ್ಡ್ ಮಾಡೇನಿ” ಅಂದ. ಇವೆಂಟ್ ಮ್ಯಾನೇಜರು, “ಪಾರ್ಟಿಯವರಿಗೆ ಸ್ಟ್ಯಾಂಡರ್ಡ್ ಬೇಕಾಗಿರ್ತೈತ್ರಿ, ನಾವ್ ರೊಕ್ಕಾ ತಗೊಂಡಿರ್ತೀವಿ” ಅಂದರು. ಪಾರ್ಟಿ ಅಂದರೆ ಮದುವೆ ಮನೆಯವರು. ಅವರ ಪೈಕಿ ಒಬ್ಬರು ನನಗೆ ಪರಿಚಯ. ಕೇಳಿದರೆ ಅವರಿಗೆ ಹುಡುಗಿಯರು ಹೀಲ್ಸ್ ಹಾಕಿದ್ದರು ಅನ್ನೋದೇ ಗೊತ್ತಿಲ್ಲ! “ಅಯ್ಯ, ನಾವ್ ಆರು ಮಂದಿ ಹುಡುಗ್ಯಾರ್ ಬೇಕಂತ ಅಷ್ಟ ಹೇಳಿದ್ವಿ ನೋಡ್ರಿ” ಅಂದರು. ಕೊನೆಗೆ ಗೊತ್ತಾಗಿದ್ದು, ಮೂರು ಇಂಚು ಬಂದಿದ್ದು ಯಾವುದೋ ಹಳೇ ಕಾರ್ಯಕ್ರಮದ ಮೆಸೇಜಿನಿಂದ. ಅದರಲ್ಲಿ ವಿಡಿಯೋದವರು, ಡ್ರೋನ್ ಶಾಟಿನಲ್ಲಿ ಎರಡೂ ಸಾಲು ಒಂದೇ ಎತ್ತರ ಕಾಣಬೇಕು, ಗಿಡ್ಡ ಇದ್ದವರು ಹೀಲ್ಸ್ ಹಾಕಲಿ ಅಂದಿದ್ದರಂತೆ. ಅದು ಕಾಪಿ ಪೇಸ್ಟ್ ಆಗಿ ಆಗಿ, ಗಿಡ್ಡ ಇದ್ದವರು ಅನ್ನೋದು ಉದುರಿ, ಎಲ್ಲರಿಗೂ ಮೂರು ಇಂಚು ಅಂತ ನಿಂತಿದೆ. ನನ್ನ ಅಕ್ಕನ ಮಗಳು ಐದಡಿ ಏಳು.

ಲಂಡನ್ನಿನಲ್ಲಿ ಕಂಪನಿ ಏಜೆನ್ಸಿ ಕಡೆ ಬೆರಳು ತೋರಿಸಿದ್ದೂ, ಕಾನಿನಲ್ಲಿ ನಿಯಮವೇ ಇಲ್ಲ ಅಂದದ್ದೂ, ಇಲ್ಲಿ ಫಾರ್ವರ್ಡ್ ಮಾಡೇನಿ ಅಂದದ್ದೂ ಒಂದೇ ಜಾತಿಯ ಉತ್ತರಗಳು. ನಿಯಮಕ್ಕೆ ವಾರಸುದಾರರಿಲ್ಲ. ವಾರಸುದಾರರಿಲ್ಲದ್ದಕ್ಕೆ ಅರ್ಜಿ ಕೊಡೋದು ಯಾರಿಗೆ? ಆದರೆ ಅದನ್ನು ಮುರಿದರೆ ದಂಡ ಮಾತ್ರ ಪಕ್ಕಾ ಬೀಳುತ್ತೆ, ಮುಂದಿನ ಕಾರ್ಯಕ್ರಮಕ್ಕೆ ಕರೆಯೋದಿಲ್ಲ.

‘ಫಾರ್ಮಲ್ ಅಂದ ಮೇಲೆ ಒಂದು ಘನತೆ ಬೇಡವಾ’ ಅಂತ ಕೇಳುವವರಿದ್ದಾರೆ. ಬೇಕು. ಆದರೆ ನಮ್ಮ ಕಡೆ ಘನತೆ ಯಾವತ್ತು ಚಪ್ಪಲಿಯಲ್ಲಿತ್ತು? ನಮ್ಮಲ್ಲಿ ಘನತೆ ಶುರುವಾಗೋದೇ ಚಪ್ಪಲಿ ಬಿಟ್ಟ ಮೇಲೆ. ಧಾರವಾಡದಲ್ಲಿ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ ಅಂಥವರು ಹಾಡಿದ್ದು ಜಮಖಾನದ ಮೇಲೆ ಕೂತು, ತಂಬೂರಿ ಪಕ್ಕ ಬರಿಗಾಲಲ್ಲಿ. ದೀಪ ಬೆಳಗುವಾಗ ಎಂಥ ದೊಡ್ಡ ಅತಿಥಿಯೂ ಶೂ ಬಿಚ್ಚೋಕೆ ಒದ್ದಾಡ್ತಾರೆ, ಲೇಸು ಗಂಟು ಬಿದ್ದು ಇಡೀ ಸಭೆ ಕಾಯುತ್ತೆ, ನೀವೂ ನೋಡಿರ್ತೀರಿ. ಅದೇ ಹೊತ್ತಲ್ಲಿ ಪಕ್ಕದಲ್ಲಿ ಮೇಣದಬತ್ತಿ ಹಿಡಿದ ಹುಡುಗಿಯೂ ಹೀಲ್ಸ್ ಬಿಡಬೇಕು, ಬಿಟ್ಟ ಕೂಡಲೇ ಸೀರೆ ನೆಲಕ್ಕೆ, ಕೈಯಲ್ಲಿ ಬೆಂಕಿ, ಎದುರಿಗೆ ಎಣ್ಣೆ. ನನಗಂತೂ ಎದೆ ಢವಢವ.

ಇನ್ನೂ ದೊಡ್ಡ ವೇದಿಕೆ ಬೇಕಾದರೆ 2021ರ ನವೆಂಬರ್ ನೆನಪು ಮಾಡಿಕೊಳ್ಳಿ. ನಮ್ಮ ಪಕ್ಕದ ಉತ್ತರ ಕನ್ನಡದ ಅಂಕೋಲಾ ಕಡೆಯ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಹಾಲಕ್ಕಿ ಉಡುಪು, ಕೊರಳ ತುಂಬ ಮಣಿಸರ, ಬರಿಗಾಲು. ದೇಶದಲ್ಲಿ ಅದಕ್ಕಿಂತ ಫಾರ್ಮಲ್ ಆದ ಸಮಾರಂಭ ಇನ್ನೊಂದಿಲ್ಲ, ಅಲ್ವಾ? ಅಲ್ಲಿ ಯಾರ ಘನತೆಗೂ ಕುಂದು ಬರಲಿಲ್ಲ, ಆ ಫೋಟೋ ಇವತ್ತಿಗೂ ಜನರ ಮೊಬೈಲಿನಲ್ಲಿದೆ. ಆದರೆ ಇಲ್ಲಿಯೂ ಅದೇ ಮಾತು. ಪ್ರಶಸ್ತಿ ತೆಗೆದುಕೊಳ್ಳುವವರ ಬರಿಗಾಲು ಎಲ್ಲರಿಗೂ ಹಿಡಿಸುತ್ತೆ. ತಟ್ಟೆ ಹಿಡಿದವಳ ಬರಿಗಾಲು?

ಗಂಡಸರಿಗೆ ಇಂಥದ್ದು ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. 2024ರ ಜುಲೈನಲ್ಲಿ ನಮ್ಮ ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿಗೆ ಹೋದಾಗ, ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ವಿಧಾನಸೌಧಕ್ಕೆ ಬರ್ತಿದ್ದದ್ದೂ ಪಂಚೆಯಲ್ಲೇ. ಬಟ್ಟೆ ಅದೇ, ಬಾಗಿಲು ಬೇರೆ. ಸದನದಲ್ಲಿ ಗದ್ದಲವಾಗಿ ಸರ್ಕಾರ ಏಳು ದಿನ ಮಾಲ್ ಮುಚ್ಚಿಸುತ್ತೇವೆ ಅಂತು, ಮಾಲಿನವರು ಕ್ಷಮೆ ಕೇಳಿ ಅವರಿಗೆ ಸನ್ಮಾನವನ್ನೂ ಮಾಡಿದರು. ಅದಕ್ಕೆ ಹತ್ತು ವರ್ಷ ಮೊದಲು, 2014ರ ಜುಲೈನಲ್ಲಿ, ಚೆನ್ನೈನ ಕ್ಲಬ್ಬೊಂದರಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ತಡೆದಿದ್ದರು. ಮರುತಿಂಗಳೇ ತಮಿಳುನಾಡು ವಿಧಾನಸಭೆ ಕಾನೂನು ಮಾಡಿತು, ವೇಷ್ಟಿ ಉಟ್ಟವರನ್ನು ತಡೆದರೆ ಕ್ಲಬ್ಬಿನ ಲೈಸೆನ್ಸ್ ರದ್ದು, ಜೈಲು ಕೂಡ ಆಗಬಹುದು. ರೈತನಿಗೆ ಏಳು ದಿನ, ಜಡ್ಜಿಗೆ ಕಾನೂನು. ನಾನು ಕುಹಕ ಮಾಡ್ತಿಲ್ಲ, ಎರಡೂ ಒಳ್ಳೇದೇ ಆಯಿತು. ಆದರೆ ಅಳತೆ ನೋಡಿ.

ಆದರೂ ಗಂಡಸರ ಡ್ರೆಸ್ ಕೋಡಿಗೂ ಹೆಂಗಸರದ್ದಕ್ಕೂ ಒಂದು ವ್ಯತ್ಯಾಸ ಇದೆ. ಏಪ್ರಿಲ್ ಬಿಸಿಲಲ್ಲಿ ಕೋಟು ಹಾಕಿ ಬೆವರುವ ಹುಡುಗನ ಕಷ್ಟ ಕಷ್ಟವೇ, ಆದರೆ ಕೋಟು ಕುರ್ಚಿಗೆ ನೇತು ಹಾಕಿದರೆ ಮುಗೀತು, ಓಡೋದಿದ್ದರೆ ಓಡಬಹುದು. ಹೀಲ್ಸು ನಡಿಗೆಯನ್ನೇ ಬದಲಿಸುತ್ತೆ. ಬೆಂಕಿ ಬಿದ್ದರೆ ಓಡೋಕಾಗಲ್ಲ, ಯಾರಾದರೂ ಮೈಮೇಲೆ ಬಂದರೆ ಸರಿಯೋಕಾಗಲ್ಲ. ರಾತ್ರಿ ಹನ್ನೊಂದಕ್ಕೆ ಚಿಗರಿ ಬಸ್ಸು ಹಿಡಿಯೋಕೆ ಸ್ಟೇಷನ್ ತನಕ ನಡೆಯುವವಳಿಗೆ ಇದು ಫ್ಯಾಷನ್ ಮಾತಲ್ಲ. ಖರ್ಚೂ ಅವಳದೇ. ಆ ಚಪ್ಪಲಿಗೆ ಅವಳು ಕೊಟ್ಟಿದ್ದು 1,100, ಅಂದರೆ ಮೊದಲ ಕಾರ್ಯಕ್ರಮದ ದುಡ್ಡೂ ಹೋಗಿ ಎರಡನೆಯದರ ಅರ್ಧದ ಹತ್ತಿರ ಹತ್ತಿರ.

ಇನ್ನು ಮೆಸೇಜಿನಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಅಂತ ಎರಡೇ ಪಟ್ಟಿ ಇರುತ್ತಲ್ಲ, ಎರಡರಲ್ಲೂ ಕೂರದವರು ಎಲ್ಲಿ ನಿಲ್ಲಬೇಕು ಅಂತ ಯಾರೂ ಯೋಚಿಸಿರೋದಿಲ್ಲ. ಉಡುಪಿನ ಮೂಲಕ ತಾನು ಯಾರು ಅಂತ ಹೇಳಿಕೊಳ್ಳೋದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಟ್ರಾನ್ಸ್‌ಜೆಂಡರ್ ಸಮುದಾಯದ ಪ್ರಕರಣದಲ್ಲಿ ಹೇಳಿದೆ. ಅದು ವಾಟ್ಸಾಪ್ ಗ್ರೂಪಿಗೆ ಇನ್ನೂ ಫಾರ್ವರ್ಡ್ ಆಗಿಲ್ಲ.

ಬದಲಾಗೋದಿದ್ದರೆ ಬೇಗ ಬದಲಾಗುತ್ತೆ ಅನ್ನೋದಕ್ಕೂ ಉದಾಹರಣೆ ಇವೆ. ಘಟಿಕೋತ್ಸವದ ಕರಿ ಗೌನ್ ಇಲ್ಲದೆ ಪದವಿಯೇ ಸಿಗಲ್ಲ ಅನ್ನೋ ಹಾಗೆ ನಡೀತಿತ್ತು. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಏಮ್ಸ್‌ನಂಥ ಸಂಸ್ಥೆಗಳಿಗೆ ಒಂದು ಪತ್ರ ಬರೆದು, ಆಯಾ ರಾಜ್ಯದ ಉಡುಪು ನೋಡಿ ಹೊಸದು ಮಾಡಿಕೊಳ್ಳಿ ಅಂತು. ಒಂದು ಪತ್ರ, ಅಷ್ಟೇ. ಆಕಾಶ ಏರ್ 2022ರಲ್ಲಿ ವಿಮಾನ ಹಾರಿಸೋಕೆ ಶುರು ಮಾಡಿದಾಗಲೇ ಸಿಬ್ಬಂದಿಗೆ ಸ್ನೀಕರ್ಸ್ ಕೊಟ್ಟಿತು, ವಿಮಾನಗಳೇನೂ ಕೆಳಗೆ ಬೀಳಲಿಲ್ಲ.

ಚಪ್ಪಟೆ ಅಂದರೆ ಚೆಂದ ಇರಲ್ಲ ಅನ್ನುವವರಿಗೆ ಒಂದು ವಿಷಯ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಹೆಸರು ಕೊಲ್ಹಾಪುರದ್ದಾದರೂ ಆ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ನಮ್ಮದೇ ಚಪ್ಪಲಿ. ಅಂಗಾಲಿಗೆ ತೊಗಲು, ಬೇಕಾದರೆ ಗೊಂಡೆ, ಜರಿ, ಹೊಸದಿದ್ದಾಗ ನಡೆದರೆ ಚರ್ ಚರ್ ಅಂತ ಸದ್ದು. ಇಳಕಲ್ ಸೀರೆಗೆ, ಖಣದ ಕುಪ್ಪಸಕ್ಕೆ ಇದಕ್ಕಿಂತ ಹೊಂದುವ ಚಪ್ಪಲಿ ನನಗೆ ಗೊತ್ತಿಲ್ಲ. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಗಂಡಸರ ಫ್ಯಾಷನ್ ಷೋದಲ್ಲಿ ಥೇಟ್ ಇಂಥವನ್ನೇ ಹಾಕಿಸಿ ನಡೆಸಿತು, ಹೆಸರು ಹೇಳಲಿಲ್ಲ ಅಂತ ದೊಡ್ಡ ಗಲಾಟೆಯಾಗಿ ಆಮೇಲೆ ಭಾರತದ ಕರಕುಶಲದಿಂದ ಬಂದದ್ದು ಅಂತ ಒಪ್ಪಿಕೊಂಡಿತು. ಮಿಲಾನಿನ ರ‍್ಯಾಂಪಿಗೆ ನಡೆಯುವ ಚಪ್ಪಲಿ ಗೋಕುಲ ರಸ್ತೆಯ ಲಾನಿಗೆ ನಡೆಯಲ್ಲ.

ನಮ್ಮ ಹುಡುಗಿಯ ಕಾಲು ಮೂರು ವಾರಕ್ಕೆ ಸರಿಹೋಯಿತು. ದಸರಾ ದೀಪಾವಳಿ ಮುಗಿದು ತುಳಸಿ ಲಗ್ನ ಆದ ಮೇಲೆ ಮದುವೆಗಳು ಒಂದರ ಮೇಲೊಂದು ಬಂದವು. ಒಂದೇ ದಿನ ಹುಬ್ಬಳ್ಳಿಯಲ್ಲಿ ಎರಡು, ಗದಗಿನಲ್ಲಿ ಒಂದು. ಹುಡುಗಿಯರು ಸಾಲದೆ ಕೋಆರ್ಡಿನೇಟರ್ ದಿನಾ ಫೋನು. ಆಗ ಇವಳು ಗ್ರೂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದಳು: “ಫ್ಲ್ಯಾಟ್ ಚಪ್ಪಲ್ ಮತ್ತ ಚಷ್ಮಾ ಹಾಕ್ಕೊಂಡ್ರ ನಡೀತೈತೇನ್ರಿ ಅಣ್ಣಾ? ಹಂಗಂದ್ರ ಬರ್ತೀನಿ.” ಕೆಳಗೆ ಇನ್ನೂ ನಾಲ್ಕು ಹುಡುಗಿಯರು ‘ನಂದೂ ಅದ’ ಅಂತ ಸೇರಿಸಿದರು. ನೀಲಿ ಟಿಕ್ ಬಿತ್ತು, ಒಂದು ತಾಸು ಉತ್ತರ ಇಲ್ಲ. ಆಮೇಲೆ ಬಂತು: “ಸೀರಿ ಮುಚ್ಚತೈತಲ್ಲ, ಚಪ್ಪಲ್ ಯಾರ್ ನೋಡ್ತಾರ. ಬರ್ರಿ.”

ಅವಳು ಅದನ್ನು ನನಗೆ ತೋರಿಸಿ ನಕ್ಕಳು. ಕನ್ನಡಕ ಒರೆಸಿಕೊಳ್ಳುತ್ತಾ, “ಚಿಗವ್ವ, ಇದನ್ನ ಆಷಾಢದಾಗ ಕೇಳಿದ್ರ ಗ್ರೂಪಿಂದನ ತಗದ್ ಒಗೀತಿದ್ರು” ಅಂದಳು.